ಗೂಬೆ ತಗ್ಗಿನ ಹೆಸರು

"ಸಗಣಿ ಬಾಚೋಕೆ ಬಂದೋನಿಗೆ ಹುಡುಗಿ ಸಿಕ್ಕಳು, ಜಮೀನು ಸಿಕ್ತು. ಈಗ ನಮ್ಮ ಹೆಸರೂ ಬೇಕಂತೆ ಈ ಭಿಕಾರಿಗೆ" ಎಂದ ಹೆಲ್ಮುಟ್, ಎಲ್ಲರಿಗೂ ಕೇಳುವಂತೆ.

ಅಂಗಳ ತುಂಬ ಜನರಿದ್ದರು. ನಾಳೆ ಮದುವೆ. ಮುನ್ನಾ ಸಂಜೆ, ಆ ಕಡೆಯ ಪದ್ಧತಿಯಂತೆ, ಶುಭವಾಗಲೆಂದು ನೆರೆಯವರೆಲ್ಲ ಹಳೆ ತಟ್ಟೆ, ಬಿರುಕು ಬಿಟ್ಟ ಜಾಡಿ ತಂದು ಮನೆಯ ಬಾಗಿಲಲ್ಲಿ ಒಡೆಯುತ್ತಿದ್ದರು. ಚೂರು ಗುಡಿಸುವುದು ಮದುಮಗನ ಪಾಲು. ಯೋಸ್ಟ್ ಗುಡಿಸುತ್ತಿದ್ದವನು ನಿಲ್ಲಿಸಿದ. ಅವನ ಕಿವಿ ಕೆಂಪಾಯಿತು.

"ಭಿಕಾರಿ ಅಂತ ಇನ್ನೊಂದ್ಸಲ ಹೇಳಿ ನೋಡೋಣ."

"ಹೇಳ್ತೀನಿ, ನನಗೇನು ಭಯ? ಇಡೀ ಜರ್ಮನೀಲಿ ಊಲೆನ್ಸೀಕ್ ಅನ್ನೋರು ಹನ್ನೊಂದೇ ಜನ. ನಿಂದೇನು, ಮೈಯರ್. ಟೆಲಿಫೋನ್ ಪುಸ್ತಕದಲ್ಲಿ ಮೈಯರ್‌ಗಳನ್ನ ದಾಟೋದ್ರೊಳಗೆ ಬೆರಳು ಸವೆದುಹೋಗುತ್ತೆ."

ಜನ ನಕ್ಕರು. ಗುಂಪಿನಲ್ಲಿದ್ದ ಇನ್ನಿಬ್ಬರು ಮೈಯರ್‌ಗಳು ಮಾತ್ರ ನಗಲಿಲ್ಲ.

ಹೆಲ್ಮುಟ್ ಮದುಮಗಳು ಗೆಸೀನೆಯ ಚಿಕ್ಕಪ್ಪ. ಯುದ್ಧ ಮುಗಿದ ಮೇಲೆ ತನ್ನ ಪಾಲಿನ ದುಡ್ಡು ಎಣಿಸಿಕೊಂಡು ಪಟ್ಟಣ ಸೇರಿದವನು. ಅಲ್ಲಿ ಕಾರು ಮಾರುತ್ತಾನೆ. ಅಂಗಡಿಯ ನೆತ್ತಿಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಊಲೆನ್ಸೀಕ್ ಎಂದು ಬರೆಸಿದ್ದಾನೆ. ಗಂಡಸು ಬೇಕಾದರೆ ಹೆಂಡತಿಯ ಮನೆತನದ ಹೆಸರು ಇಟ್ಟುಕೊಳ್ಳಬಹುದು ಎಂಬ ಹೊಸ ಕಾನೂನು ಬಂದು ಒಂದು ವರ್ಷವೂ ಆಗಿರಲಿಲ್ಲ. ನಾಳೆ ನೋಂದಣಿ ಕಚೇರಿಯಲ್ಲಿ ಯೋಸ್ಟ್ ಸಹಿ ಹಾಕಿದರೆ ಹೆಸರು ಈ ಜಮೀನಿನಲ್ಲಿ ಉಳಿಯುತ್ತಿತ್ತು. ಗೆಸೀನೆಯ ಅಪ್ಪ ಸತ್ತಾಗಿತ್ತು, ಅವಳಿಗೆ ಅಣ್ಣತಮ್ಮಂದಿರಿಲ್ಲ. ಯೋಸ್ಟ್ ಹಿಂದೆ ಸರಿದರೆ ಅಲ್ಲಿಗೆ ಮುಗಿಯಿತು.

ಗೆಸೀನೆ ಮೆಟ್ಟಿಲಿಳಿದು ಬಂದಳು. "ಚಿಕ್ಕಪ್ಪ, ಹೆಸರು ನಂದು. ನಾನು ಕೊಡ್ತಿದೀನಿ, ಅವನು ತಗೋತಿದಾನೆ. ನಿಮಗೇನು ಹೊಟ್ಟೆನೋವು?"

"ಅದು ನಿಂದಲ್ಲಮ್ಮ. ರಕ್ತದ್ದು. ನಾನೂರು ವರ್ಷದ ರಕ್ತ."

"ಯಾರ ರಕ್ತಾನೋ?" ಎಂದು ಬೆಂಚಿನ ಮೇಲಿಂದ ಕೇಳಿದಳು ಆಲ್ವೀನೆ. ಹೆಲ್ಮುಟ್‌ನ ಸೋದರತ್ತೆ, ಈ ಮನೆಯಲ್ಲೇ ಹುಟ್ಟಿ ಇಲ್ಲೇ ಹಣ್ಣಾದವಳು. ಮಡಿಲಲ್ಲಿ ಆಲೂಗಡ್ಡೆ ಸಲಾಡ್‌ನ ತಟ್ಟೆ. ಆ ತಟ್ಟೆಯನ್ನೂ ಒಡೆಯಲು ಕೇಳಿದ ಹುಡುಗರಿಗೆ ಆಗಲೇ ಬೈದು ಕಳಿಸಿದ್ದಳು.

"ನಮ್ಮದು, ಅತ್ತೆ. ನಮ್ಮ ತಾತಂದು. ಅಂದ್ರೆ ನಿಮ್ಮಪ್ಪಂದು."

"ನಮ್ಮಪ್ಪ ಈ ಮನೆಗೆ ಅಳಿಯ ಆಗಿ ಬಂದೋನು. ಬರುವಾಗ ಟೀಮನ್ ಅಂತಿದ್ದ, ಕೈಲಿ ಒಂದು ಆಡಿತ್ತು. ಮದುವೆ ದಿನ ಟೀಮನ್ ಅನ್ನೋದನ್ನ ಚರ್ಚಿನ ಬಾಗಿಲಲ್ಲೇ ಬಿಟ್ಟ. ಅವನ ಮಾವನೂ ಹಾಗೇ ಬಂದೋನು, ಅವನು ಏನು ಬಿಟ್ಟು ಬಂದನೋ ಯಾರಿಗೂ ನೆನಪಿಲ್ಲ. ಹಿಂದೆ ಆ ಜವುಗು ತಗ್ಗಿದೆಯಲ್ಲ, ಗೂಬೆ ಕೂಗೋದು? ಊಲೆನ್ಸೀಕ್ ಅಂದ್ರೆ ಗೂಬೆ ತಗ್ಗು, ಹೆಸರು ಅದರದು. ಅದನ್ನ ಉಳೋನು ಊಲೆನ್ಸೀಕ್. ಉಳದೇ ಇದ್ದೋನು ಅಲ್ಲ. ಅಷ್ಟೇ ಇದ್ದದ್ದು. ಆಮೇಲೆ ಬರ್ಲಿನ್ನಿನೋರು ಕಾನೂನು ಮಾಡಿ ಹೆಸರನ್ನ ಗಂಡಸರ ಜೇಬಿಗೆ ಹಾಕಿ ಕಳಿಸಿದ್ರು."

"ಹಾಗಾದ್ರೆ ನಾನ್ಯಾರು?" ಎಂದ ಹೆಲ್ಮುಟ್. ಗೇಲಿಯಾಗಿಯೇ ಕೇಳಿದ್ದ, ಆದರೆ ನಗು ಅರ್ಧಕ್ಕೇ ನಿಂತಿತು.

"ಆಗಿನ ಕಾಲದಲ್ಲಾಗಿದ್ರೆ ಇಲ್ಲಿಂದ ಹೊರಟ ದಿನವೇ ಹೆಸರನ್ನೂ ಇಲ್ಲೇ ಇಟ್ಟು ಹೋಗಬೇಕಿತ್ತು. ಹೋದ ಕಡೆ ಯಾವ ಮನೆಯೋ, ಆ ಹೆಸರು. ಅದಕ್ಕೇ ಕಣೋ ನಾವು ಇಷ್ಟು ಕಡಿಮೆ. ತಗ್ಗು ಒಂದೇ, ಯಜಮಾನ ಒಬ್ಬನೇ." ಆಲ್ವೀನೆ ಒಂದು ತುಂಡು ಆಲೂಗಡ್ಡೆ ಬಾಯಿಗಿಟ್ಟುಕೊಂಡಳು. "ಹನ್ನೊಂದು ಅಂದ್ರೆ ಹತ್ತು ಜಾಸ್ತಿ ಆಯ್ತು."

ಈ ಸಲ ಆ ಇಬ್ಬರು ಮೈಯರ್‌ಗಳೇ ಜೋರಾಗಿ ನಕ್ಕರು.

ಹೆಲ್ಮುಟ್ ಬಿಯರ್ ಲೋಟ ಕೆಳಗಿಟ್ಟು ಯೋಸ್ಟ್‌ನ ತೋಳು ಹಿಡಿದ. ದನಿ ತಗ್ಗಿತ್ತು, ಹೆಚ್ಚು ವಿಷವಿತ್ತು. "ಮುದುಕಿ ಮಾತು ಬಿಡು. ನಿನ್ನ ಬಾಯಲ್ಲಿ ಕೇಳಬೇಕು ನನಗೆ. ನಿನ್ನ ಸತ್ತ ಅಪ್ಪ ನಿನಗೆ ಕೊಟ್ಟು ಹೋದದ್ದು ಮೈಯರ್ ಅನ್ನೋ ಹೆಸರೊಂದೇ ಅಲ್ವೇನೋ? ಅದನ್ನ ಬಿಸಾಕೋಕೆ ನಾಚಿಕೆ ಆಗಲ್ವಾ?"

ಇದೇ ಪ್ರಶ್ನೆಯನ್ನು ಯೋಸ್ಟ್ ಒಂದು ವಾರದಿಂದ ಹಾಲು ಕರೆಯುವಾಗ ಹಸುಗಳ ಹೊಟ್ಟೆಗೆ ಹಣೆಯೊತ್ತಿ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಗೆಸೀನೆಗೆ ಅದು ಗೊತ್ತಿತ್ತು.

ಆಗ ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಆಚೆ ತೋಟದ ಎರ್ವಿನ್, ಒಡೆಯಲೆಂದು ಹಿಂದಿನ ಗಾಡಿಯ ತುಂಬ ಹಳೆ ಹೆಂಚು, ಕೈತೊಳೆಯುವ ಬೋಗುಣಿ, ಯಾರದೋ ಕಿತ್ತ ಕಕ್ಕಸು ಪೀಠ ಹೇರಿಕೊಂಡು ಬಂದಿದ್ದ.

"ಊಲೆನ್ಸೀಕ್, ಏ ಊಲೆನ್ಸೀಕ್! ಗೇಟು ತೆಗಿಯೋ, ಇದನ್ನೆಲ್ಲ ಹೇರಿ ಹೇರಿ ಕೈ ನೋಯ್ತಿದೆ."

"ಏನು?" ಎಂದು ಹೆಲ್ಮುಟ್ ತಿರುಗಿದ.

ಎರ್ವಿನ್ ಅವನ ಸೂಟು, ಹೊಳೆಯುವ ಬೂಟು ನೋಡಿ ಗೌರವದಿಂದಲೇ ಟೋಪಿ ಮುಟ್ಟಿದ. "ನಿಮ್ಮನ್ನಲ್ಲ, ಸಾಹೇಬ್ರೆ. ಇವನನ್ನ" ಎಂದು ಯೋಸ್ಟ್ ಕಡೆ ಗದ್ದ ಆಡಿಸಿದ.

ಹೆಲ್ಮುಟ್‌ನ ಬೆರಳು ಇನ್ನೂ ತೋಳಿನ ಮೇಲಿತ್ತು. "ಉತ್ತರ ಹೇಳು" ಎಂದ.

ಯೋಸ್ಟ್ ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ. ಚೂರುಗಳು ಕಾಲಡಿ ಕರಕರ ಎನ್ನುತ್ತಿರಲು, ಗೇಟು ತೆಗೆಯಲು ನಡೆದ.