ಇಪ್ಪತ್ತೇಳನೇ ಪುಟ

“ಆ ಪುಟ ಬಿಡಿಸಿ ತೋರಿಸ್ರಿ, ಆಮ್ಯಾಲೆ ಒಯ್ತೀನಿ,” ಅಂದು ಗೌರಕ್ಕ ಹೊಸ ಕಾದಂಬರಿಯನ್ನು ಮೇಜಿನ ಮೇಲಿಟ್ಟಳು. ಗುಡಗೇರಿ ಗ್ರಂಥಾಲಯದ ರೋಹಿಣಿ ಆ ಪುಸ್ತಕದ ಕಟ್ಟು ಬಿಚ್ಚಿದ್ದು ಆಗಷ್ಟೇ. ಇಪ್ಪತ್ತೇಳನೇ ಪುಟ ಹಿಂದಿನ ಹಾಳೆಗೆ ಮೇಲೂ ಬದಿಗೂ ಕೂಡಿಕೊಂಡೇ ಇತ್ತು. ಪ್ರೆಸ್ಸಿನವರು ಕತ್ತರಿಸಲು ಮರೆತಿದ್ದರು.

ಗೌರಕ್ಕನಿಗೆ ಓದು ಬರುವುದಿಲ್ಲ. ಓದುತ್ತಿದ್ದವರು ಅವಳ ಗಂಡ ಮಡಿವಾಳೆಪ್ಪ ಮಾಸ್ತರು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಪ್ರತಿ ಪುಸ್ತಕದ ಇಪ್ಪತ್ತೇಳನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಪುಟ್ಟದೊಂದು ಬಿಲ್ವಪತ್ರೆ ಬರೆಯುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಗೌರಕ್ಕನೇ ಬಂದು, ಆ ಗುರುತಿಲ್ಲದ ಪುಸ್ತಕ ಆರಿಸಿ ಒಯ್ಯುತ್ತಿದ್ದಳು. ಮಾಸ್ತರು ತೀರಿಕೊಂಡು ಎಂಟು ತಿಂಗಳಾದರೂ ಅವಳು ಬರುವುದು ನಿಂತಿರಲಿಲ್ಲ. ಸತ್ತವರ ಕಾರ್ಡಿನ ಮೇಲೆ ಪುಸ್ತಕ ಕೊಡುವಂತಿಲ್ಲ. ಇವತ್ತು ಹೇಳಿಬಿಡಬೇಕೆಂದು ರೋಹಿಣಿ ಆ ಕಾರ್ಡನ್ನು ಬೇರೆ ತೆಗೆದಿಟ್ಟಿದ್ದಳು.

“ಇದು ಹೊಸಾದ್ರಿ ಗೌರಕ್ಕಾರ. ಇನ್ನೂ ಯಾರೂ ಓದಿಲ್ಲ.”

“ಇರಲಿ, ನೋಡ್ರಿ. ಓದಿದ್ದ ಒಯ್ದರ ಅವರು ಸಿಟ್ಟಾಗ್ತಾರ್ರಿ.”

ರೋಹಿಣಿ ಫೂಟ್‌ಪಟ್ಟಿ ತೂರಿಸಿ ಹಾಳೆ ಸೀಳಿದಳು. ಹೊಸ ಶಾಯಿಯ ವಾಸನೆ ಬಂತು. ಮೂಲೆಯಲ್ಲಿ ಪೆನ್ಸಿಲಿನ ಮೂರು ಎಸಳು ಇದ್ದವು.

ಗೌರಕ್ಕ ಬಗ್ಗಿ ನೋಡಿದಳು. ಅವಳಿಗೇನೂ ಆಶ್ಚರ್ಯವಾಗಲಿಲ್ಲ. “ಇದು ಓದಿ ಆಗೈತ್ರಿ. ಬ್ಯಾರೆ ಕೊಡ್ರಿ.”

ರೋಹಿಣಿ ಆ ಎಲೆಯನ್ನು ಮುಟ್ಟಿದಳು. ಬೆರಳಿಗೆ ಪೆನ್ಸಿಲಿನ ಕಪ್ಪು ಹತ್ತಿತು. ಬೇರೆ ತೆಗೆದಿಟ್ಟಿದ್ದ ಕಾರ್ಡನ್ನು ಮತ್ತೆ ಹತ್ತಿರ ಎಳೆದುಕೊಂಡು, ತಲೆ ಎತ್ತದೆ ಕೇಳಿದಳು:

“ಮಾಸ್ತರು ಎಂಥಾದ್ದು ಬೇಕಂದಾರ್ರಿ?”