ಮುಗಿಸಬಾರದ ಕಲ್ಲಂಗಡಿ

ಸ್ಯಾನ್ ರಮೋನ್‌ನ ನಮ್ಮ ಆಫೀಸಿನ ಪಾರ್ಟಿಗಳಲ್ಲಿ ಊಟದ ಟ್ರೇಗಳ ಕೆಳಗೆ ನೀಲಿ ಉರಿ ಹಚ್ಚಿದಾಗ ಏಳುವ ವಾಸನೆಗೆ ಈಗಲೂ ನನ್ನ ಕಣ್ಣು ಬಾಗಿಲ ಕಡೆ ಹೋಗುತ್ತದೆ.

ನನಗಾಗ ಏಳು ವರ್ಷ. ಬೆಟ್ಟದಾಚೆಯ ಕ್ಯಾಸಿನೊ ಹೋಟೆಲಿನ ಬಫೆಯಲ್ಲಿ ನನ್ನನ್ನೂ ಅಮ್ಮನನ್ನೂ ಕೂರಿಸಿ, "ಹತ್ತೇ ನಿಮಿಷ, ಬಂದ್‌ಬಿಡ್ತೀನಿ" ಎಂದು ಅಪ್ಪ ಜೂಜಿನ ಮೆಷಿನ್ನುಗಳ ಕಡೆ ಹೋಗಿದ್ದರು. ಅಲ್ಲಿ ಮಕ್ಕಳು ನಿಲ್ಲುವಂತಿರಲಿಲ್ಲ. ಆ ಬಫೆಗೆ ಅದೇ ಕೊನೆಯ ದಿನ, ಇನ್ನು ತೆರೆಯುವುದಿಲ್ಲ ಎಂದು ತಟ್ಟೆ ಎತ್ತುವ ಹೆಂಗಸು ಹೇಳಿದಳು. ಮಧ್ಯಾಹ್ನ ಇಳಿಯುತ್ತಿದ್ದಂತೆ ಟ್ರೇಗಳು ಒಂದೊಂದಾಗಿ ಒಳಗೆ ಹೋದವು, ಉರಿಗಳು ಆರಿದವು. ಅವಳು ಮತ್ತೆ ಮತ್ತೆ ಬಂದು ನಮ್ಮ ಮೇಜು ನೋಡುತ್ತಿದ್ದಳು. ನಮ್ಮನ್ನು ಎಬ್ಬಿಸಿಬಿಟ್ಟರೆ ಅಪ್ಪ ಹುಡುಕುವುದೆಲ್ಲಿ?

"ವೇರ್ ಈಸ್ ಅಪ್ಪ?" ಎಂದೆ.

ತಟ್ಟೆಯಲ್ಲಿ ಒಂದಗುಳು ಬಿಟ್ಟರೂ ಗದರುತ್ತಿದ್ದ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಆ ಕಲ್ಲಂಗಡಿ ಹೋಳು ಮುಗಿಸ್ಬೇಡ ಪುಟ್ಟಿ. ತಟ್ಟೇಲಿ ಏನಾದ್ರೂ ಇದ್ರೆ ಎದ್ದೇಳಿ ಅನ್ನಲ್ಲ."

ಅವಳ ಬೆರಳುಗಳು ತಣ್ಣಗಿದ್ದವು. ನಾನು ಹೋಳಿನ ಅಂಚನ್ನು ಇಲಿಯ ಹಾಗೆ ಕಡಿಯುತ್ತ ಬಾಗಿಲನ್ನೇ ನೋಡುತ್ತಿದ್ದೆ. ಬಂದವರೆಲ್ಲ ಬೇರೆಯವರು.

ಕೊನೆಯ ಸಾಲಿನ ದೀಪ ಆರಿಸುವ ಹೊತ್ತಿಗೆ ಅಪ್ಪ ಬಂದರು. ಸಿಗರೇಟು ಸೇದದ ಅವರ ಅಂಗಿಯೆಲ್ಲ ಹೊಗೆ ನಾರುತ್ತಿತ್ತು. ನಮ್ಮ ಮುಖ ನೋಡಲಿಲ್ಲ, ತಟ್ಟೆ ನೋಡಿದರು.

"ತಟ್ಟೇಲಿ ಬಿಡಬಾರ್ದು ಅಂತ ಅಮ್ಮ ಹೇಳ್ಕೊಟ್ಟಿಲ್ವಾ?"

ಅಮ್ಮ ನನ್ನ ಕೈ ಬಿಟ್ಟಳು. ಬೆಚ್ಚಗಾಗಿದ್ದ ಆ ಹೋಳನ್ನು ನಾನು ಬೀಜದ ಸಮೇತ ನುಂಗಿದೆ.