ಶುಂಠಿ ಪಾತಿ

ಚಂದ್ರಕುಮಾರ್ ಕೈ ಚಾಚಿದ್ದೇ ತಡ, ಮೂರು ವರ್ಷದ ಮಗಳು ಸ್ಪಂದನಾ ಓಡಿಹೋಗಿ ಅಂಗನವಾಡಿ ಟೀಚರ್ ಮಂಗಳಗೌರಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆತ್ತವರು ಬಂದು ಮಕ್ಕಳ ಜೊತೆ ಆಡುವ ದಿನ ಅದು. ಉಡಿಗಾಲ ಊರಿನ ತಾಯಂದಿರೆಲ್ಲ ನಕ್ಕರು. ಚಂದ್ರಕುಮಾರನ ಮುಖ ಸಣ್ಣದಾಯಿತು.

"ಕೇರಳದಲ್ಲಿ ಶುಂಠಿ ಕೆಲ್ಸ ಮುಗಿಸ್ಕಂಡು ಮೊನ್ನೆ ಬಂದೆ ಮೇಡಂ. ಮಗೀಗೆ ನನ್ ಗುರ್ತೇ ಸಿಕ್ನಿಲ್ಲ. ನಾ ಓಯ್ತೀನಿ, ಅವ್ಳ ಅವ್ವನ್ನೇ ಕಳಿಸ್ತೀನಿ."

"ಕೂತ್ಕಳಿ ಅಣ್ಣ. ಅಪ್ಪನ ಜೊತೆ ಆಡೋದೂ ಮಗೀಗೆ ಪಾಠನೇ ಅಂತ ಮೊನ್ನೆ ಟ್ರೈನಿಂಗಲ್ಲಿ ಏಳ್ಕೊಟ್ರು. ಕರೀಬೇಡಿ, ಎತ್ಕಬೇಡಿ. ನಿಮ್ ಪಾಡಿಗೆ ನೀವು ಆಡ್ತಿರಿ, ಅವ್ಳೇ ಬತ್ತಾಳೆ."

ಏನು ಆಡುವುದು? ಚಿಕ್ಕಂದಿನ ಆಟ ಒಂದೂ ನೆನಪಾಗಲಿಲ್ಲ. ಮರಳಿನ ತೊಟ್ಟಿಯ ಮುಂದೆ ಕೂತ. ಕೈಗಳು ತಮಗೆ ಗೊತ್ತಿದ್ದ ಕೆಲಸವನ್ನೇ ಹಿಡಿದವು. ಮರಳನ್ನು ಎಳೆದು ಉದ್ದಕ್ಕೆ ಪಾತಿ ಕಟ್ಟಿದ, ಬದಿಯಲ್ಲಿ ಕಾಲುವೆ ತೆಗೆದ. ಮಕ್ಕಳು ಎಣಿಸಲು ಇಟ್ಟಿದ್ದ ಹುಣಸೆಬೀಜಗಳನ್ನು ಶುಂಠಿಯ ಹಾಗೆ ಒಂದೊಂದಾಗಿ ನೆಡತೊಡಗಿದ. ತಲೆಯೆತ್ತಿ ಮಗಳನ್ನು ನೋಡುವ ಧೈರ್ಯವಾಗಲಿಲ್ಲ.

ಪಕ್ಕದಲ್ಲಿ ಯಾರೋ ಕೂತಂತಾಯಿತು. ಪುಟ್ಟ ಕೈಯೊಂದು ಅವನು ನೆಟ್ಟ ಬೀಜವನ್ನು ಕಿತ್ತು ಬೇರೆ ಕಡೆ ಊರಿತು.

"ಅಲ್ಲಲ್ಲ ಕಣ, ಇಲ್ಲಿ."

"ಊಂ ಕಣವ್ವ, ಅಲ್ಲೇ ಸರಿ," ಎಂದ ಚಂದ್ರಕುಮಾರ್ ಮೆಲ್ಲಗೆ.

ಪಾತಿಯ ಆಚೆ ತುದಿ ಎಟುಕದಾಗ ಸ್ಪಂದನಾ ಅವನ ತೊಡೆಯ ಮೇಲೆ ಹತ್ತಿ ಕೂತಳು. ಕೊನೆಯ ಬೀಜ ಊರಿ, ಮರಳು ಮುಚ್ಚಿ, "ಅಪ್ಪಾ, ನೀರ್ ಬುಡು," ಎಂದಳು.

ನೀರಿನ ಬಿಂದಿಗೆ ಬಾಗಿಲ ಬಳಿ ಇತ್ತು. ತರಬೇಕೆಂದರೆ ಅವಳನ್ನು ಇಳಿಸಿ ಏಳಬೇಕಿತ್ತು. ಚಂದ್ರಕುಮಾರನಿಗೆ ಏಳಲು ಮನಸ್ಸಾಗಲಿಲ್ಲ.